ಹವಾಯಿ ಅಂತ ಬೋರ್ಡ್ ಹಾಕುವ ಮೊದಲು: ಥೀಮ್ ಪಾರ್ಕಿನವರಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯಸ್ಥರು, ಮನರಂಜನಾ ವಿಭಾಗ,
ನಮ್ಮ ಊರಿನ ಹತ್ತಿರದ ಥೀಮ್ ಪಾರ್ಕ್,
ಕ್ಯಾಲಿಫೋರ್ನಿಯಾ.

ವಿಷಯ: ಮುಂದಿನ ಬೇಸಿಗೆಯಲ್ಲಿ ತೆರೆಯಲಿರುವ ಹವಾಯಿ ವಿಭಾಗದ ಬಗ್ಗೆ.

ಮಾನ್ಯರೇ,

ನಮಸ್ಕಾರ. ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಯಾಕೆ ಎಲ್ಲರ ಮುಂದೆ ಇಡುತ್ತಿದ್ದೇನೆ ಅಂದರೆ, ಈ ಕಡೆಯ ಕನ್ನಡದವರು ಪ್ರತಿ ಬೇಸಿಗೆ ನಿಮ್ಮ ಪಾರ್ಕಿಗೆ ಗುಂಪುಗುಂಪಾಗಿ ಬರುತ್ತೇವೆ. ಊರಿನಿಂದ ಅಪ್ಪ ಅಮ್ಮ ಬಂದರೆ ಅವರನ್ನು ಮೊದಲು ಕರೆದುಕೊಂಡು ಬರುವುದು ನಿಮ್ಮಲ್ಲಿಗೇ. ಅಲ್ಲಿ ಹವಾಯಿ ಅಂತ ಏನನ್ನು ತೋರಿಸುತ್ತೀರೋ ಅದನ್ನೇ ಹವಾಯಿ ಅಂತ ನಂಬಿಕೊಂಡು ಮನೆಗೆ ಹೋಗುತ್ತೇವೆ. ಹಾಗಾಗಿ ಈ ಮಾತು ನಮ್ಮವರ ಕಿವಿಗೂ ಬೀಳಬೇಕು. ಪಾರ್ಕಿನ ಹೆಸರು ಬರೆದಿಲ್ಲ. ನಿಮ್ಮ ಮಾನ ಕಳೆಯುವುದು ನನಗೆ ಬೇಕಿಲ್ಲ, ಕೆಲಸ ಸರಿಯಾಗಬೇಕು ಅಷ್ಟೇ.

ಕಳೆದ ಜುಲೈನಲ್ಲಿ ಒಂದು ಶನಿವಾರ ನಾವು ಐದು ಜನ ನಿಮ್ಮ ಹವಾಯಿ ಸಂಜೆಗೆ ಬಂದಿದ್ದೆವು. ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗಳು, ಸಾಗರದಿಂದ ಬಂದಿದ್ದ ನನ್ನ ಅಪ್ಪ ಅಮ್ಮ. ಊಟಕ್ಕೂ ಆಟಕ್ಕೂ ಸೇರಿಸಿ ಬೇರೆಯೇ ಟಿಕೆಟ್ ಕೊಂಡಿದ್ದೆವು. ಬಾಗಿಲಲ್ಲಿ ಒಬ್ಬ ಹುಡುಗ ದೊಡ್ಡ ರಟ್ಟಿನ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಹೂವಿನ ಹಾರ ತೆಗೆತೆಗೆದು ಎಲ್ಲರ ಕೊರಳಿಗೂ ಹಾಕುತ್ತಿದ್ದ. ಅಮ್ಮ ತನ್ನ ಹಾರವನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಹೂವು ಕೊರಳಿಗೆ ಬಿದ್ದರೆ ಮೂಸುವುದು ಅವಳ ಅಭ್ಯಾಸ. ಅದರಲ್ಲಿ ಅಂಗಡಿಯಿಂದ ಈಗಷ್ಟೇ ತಂದ ಬಕೆಟ್ಟಿನ ವಾಸನೆ ಇತ್ತು. ನೀರಿನ ಆಟದ ಪಕ್ಕ ಹಾದು ಬರುವಾಗ ನಾಲ್ಕು ಹನಿ ಬಿತ್ತು, ಹಾರ ಗುಲಾಬಿ ಬಣ್ಣ ಬಿಟ್ಟುಕೊಂಡು ಅವಳ ಬಿಳಿ ಸೆರಗಿಗೆ ಇಳಿಯಿತು. ಆ ಕಲೆ ಇವತ್ತಿಗೂ ಹೋಗಿಲ್ಲ.

ಆಟ ಶುರುವಾಯಿತು. ನಿರೂಪಕರು ನಮ್ಮ ಕೈಯಲ್ಲಿ ಮೂರು ಸಲ ಅಲೋಹಾ ಅಂತ ಕೂಗಿಸಿದರು, ಸಾಲದು ಅಂತ ನಾಲ್ಕನೇ ಸಲವೂ ಕೂಗಿಸಿದರು. ಹಸಿರು ಪ್ಲಾಸ್ಟಿಕ್ ಹುಲ್ಲಿನ ಲಂಗ, ತೆಂಗಿನ ಕರಟದ ಕುಪ್ಪಸ ತೊಟ್ಟ ಆರು ಹುಡುಗಿಯರು ಬಂದು, ಸ್ಪೀಕರಿನ ಡೋಲಿನ ಸದ್ದಿಗೆ ಜೋರಾಗಿ ಸೊಂಟ ಕುಣಿಸಿದರು. ಇದು ಹವಾಯಿಯ ಪುರಾತನ ಹುಲಾ ನೃತ್ಯ ಅಂತ ಘೋಷಣೆ ಆಯಿತು. ನನ್ನ ಮಗಳು ನನ್ನ ತೋಳು ಎಳೆದು, "ಅಮ್ಮಾ, ಇದು ಹುಲಾ ಅಲ್ಲ" ಅಂದಳು. ಅವಳು ಮೂರು ವರ್ಷದಿಂದ ಹುಲಾ ಕಲಿಯುತ್ತಿದ್ದಾಳೆ.

ಅವಳು ಹೇಳಿದ್ದು ಸರಿ. ಸೊಂಟವನ್ನು ಅಷ್ಟು ವೇಗವಾಗಿ ಆಡಿಸುವ ಕುಣಿತ ತಾಹಿತಿಯದ್ದು. ಅದಕ್ಕೆ ಓತೆಆ ಅನ್ನುತ್ತಾರೆ. ತಾಹಿತಿ ಹವಾಯಿಯಿಂದ ನಾಲ್ಕು ಸಾವಿರ ಕಿಲೋಮೀಟರಿಗಿಂತ ದೂರ. ಇಬ್ಬರೂ ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳವರು, ಹಿಂದೊಮ್ಮೆ ಒಂದೇ ದೋಣಿಯ ಬಳಗದವರು, ನಿಜ. ಹಾಗಂತ ಕಥಕ್ಕಳಿ ಆಡಿಸಿ ಯಕ್ಷಗಾನ ಅಂದರೆ ಆಗುತ್ತಾ?

ಆಮೇಲೆ ಬಂದದ್ದನ್ನು ನೆನೆಸಿಕೊಂಡರೆ ಈಗಲೂ ಮನಸ್ಸಿಗೆ ಕಷ್ಟ ಆಗುತ್ತದೆ. ವೇದಿಕೆಯ ಹಿಂದಿನ ಬೆಟ್ಟದಿಂದ ಹೊಗೆ ಬಂತು, ಕೆಂಪು ದೀಪ ಹೊತ್ತಿತು. ಪೆಲೆ ಅನ್ನುವ ರಾಕ್ಷಸಿ ಕೆರಳಿದ್ದಾಳೆ, ಒಬ್ಬ ಹುಡುಗಿಯನ್ನು ಬಲಿ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾಳೆ ಅಂತ ಕಥೆ ಹೇಳಿದರು. ಬಿಳಿ ಬಟ್ಟೆಯ ಹುಡುಗಿಯನ್ನು ಎತ್ತಿಕೊಂಡು ಹೋಗಿ ಬೆಂಕಿಬೆಟ್ಟದ ಬಾಯಿಗೆ ಹಾಕಿದರು. ಜನ ಚಪ್ಪಾಳೆ ಹೊಡೆದರು.

ಹವಾಯಿಯಲ್ಲಿ ಹುಡುಗಿಯರನ್ನು ಜ್ವಾಲಾಮುಖಿಗೆ ಎಸೆಯುವ ಪದ್ಧತಿ ಇರಲಿಲ್ಲ. ಅದು ಹಾಲಿವುಡ್ ಹಬ್ಬಿಸಿದ ಕಥೆ. ಪೆಲೆ ರಾಕ್ಷಸಿಯೂ ಅಲ್ಲ. ಅವಳು ಜ್ವಾಲಾಮುಖಿಯ ದೇವಿ, ನೆಲವನ್ನು ನುಂಗುವವಳೂ ಹೌದು, ಹೊಸ ನೆಲ ಹುಟ್ಟಿಸುವವಳೂ ಹೌದು. ಹವಾಯಿ ದ್ವೀಪದ ಕಿಲಾವೆಯಾ ಬೆಟ್ಟದ ಹಲೆಮಾವುಮಾವು ಕುಂಡದಲ್ಲಿ ಅವಳ ವಾಸ. 2018ರಲ್ಲಿ ಕಿಲಾವೆಯಾ ಉಕ್ಕಿ ಅದೇ ದ್ವೀಪದ ಪುನಾ ಅನ್ನುವ ಭಾಗದಲ್ಲಿ ಏಳುನೂರಕ್ಕೂ ಹೆಚ್ಚು ಮನೆಗಳು ಲಾವಾದಲ್ಲಿ ಹೋದವು. ಆಗಲೂ ಅಲ್ಲಿನ ಜನ ದಾರಿಯ ಬಿರುಕುಗಳ ಹತ್ತಿರ ಕೀ ಅನ್ನುವ ಗಿಡದ ಎಲೆ, ಹೂವು ಇಟ್ಟು ಕೈ ಮುಗಿದರು. ಬಾಗಿಲಿಗೆ ಬೆಂಕಿ ಬಂದಾಗಲೂ ಕೈ ಮುಗಿಸಿಕೊಂಡ ದೇವಿಯನ್ನು ನೀವು ಮುಖವಾಡ ಹಾಕಿ, ಸ್ಪೀಕರಿನಲ್ಲಿ ಅರಚಿಸಿದಿರಿ. ನಮ್ಮ ಕರಾವಳಿಯಲ್ಲಿ ದೈವದ ವೇಷ ಹಾಕಿಕೊಂಡು ಯಾರೋ ಫ್ಯಾನ್ಸಿ ಡ್ರೆಸ್ಸಿನಲ್ಲಿ ಕೂಗಿದಾಗ ಅಲ್ಲಿನವರು ಎಷ್ಟು ನೊಂದರು ಅನ್ನುವುದನ್ನು ನಾವು ಕಂಡಿದ್ದೇವೆ. ಅದೇ ನೋವು ಇದು.

ಕೊನೆಗೆ ಬೆಂಕಿಯ ಕತ್ತಿ ಹಿಡಿದು ಒಬ್ಬ ಯುವಕ ಬಂದ. ಆ ಇಡೀ ಸಂಜೆಯಲ್ಲಿ ನಿಜವಾಗಿಯೂ ಕಲಿತು ಬಂದವನು ಅಂದರೆ ಅವನೇ. ಎರಡೂ ತುದಿಗೆ ಬೆಂಕಿ ಹಚ್ಚಿದ ಕತ್ತಿಯನ್ನು ಬೆರಳ ಸಂದಿಯಲ್ಲಿ ತಿರುಗಿಸುತ್ತಾ, ಮೊಣಕಾಲ ಕೆಳಗೆ ಹಾಯಿಸುತ್ತಾ, ಮೇಲೆ ಎಸೆದು ಬೆನ್ನ ಹಿಂದೆ ಹಿಡಿಯುತ್ತಿದ್ದ. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಯಕ್ಷಗಾನ ನೋಡಿ ಬೆಳೆದವರು, ಯಾರು ಮೈಮರೆತು ಆಡುತ್ತಾರೆ, ಯಾರು ಸುಮ್ನೆ ಕುಣಿಯುತ್ತಾರೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಆಟ ಮುಗಿದ ತಕ್ಷಣ ನನ್ನ ಕಡೆ ತಿರುಗಿ, "ಯಾವೂರಂತೆ ಈ ಹುಡುಗ?" ಅಂತ ಕೇಳಿದರು.

ನಿರೂಪಕರು ಹೇಳಿದ್ದು, ಹವಾಯಿ ಯೋಧರ ಪುರಾತನ ಅಗ್ನಿನೃತ್ಯ ಅಂತ. ನಾನೂ ಅದನ್ನೇ ಹೇಳಿದೆ. ಹೊರಗೆ ಬರುವಾಗ ಫೋಟೋ ತೆಗೆಸಿಕೊಳ್ಳುವ ಜಾಗದ ಪಕ್ಕ ಆ ಹುಡುಗ ನೀರು ಕುಡಿಯುತ್ತಾ ನಿಂತಿದ್ದ. ಅಪ್ಪ ಹೋಗಿ ಕೈ ಹಿಡಿದುಕೊಂಡರು, ನಾನು ಅವರ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವನ ಮನೆಯವರು ಪಾಲಿನೇಷ್ಯಾದ್ದೇ ಇನ್ನೊಂದು ದ್ವೀಪಸಮೂಹ ಸಮೋವಾದವರು. ಮಾವನಿಂದ ಕಲಿತದ್ದಂತೆ. ಆ ಕುಣಿತವೂ ಸಮೋವಾದ್ದೇ, ಅಲ್ಲಿನ ಯುದ್ಧದ ಕತ್ತಿ ನಿಫೋ ಓತಿಯಿಂದ ಬಂದದ್ದು. ಅದಕ್ಕೆ ಬೆಂಕಿ ಸೇರಿಸಿದ್ದು 1946ರಲ್ಲಿ, ಇದೇ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಫ್ರೆಡಿ ಲೆತುಲಿ ಅನ್ನುವ ಸಮೋವಾದ ಕಲಾವಿದ. ಅಂದರೆ ಹವಾಯಿಯದ್ದೂ ಅಲ್ಲ, ಬೆಂಕಿಯ ಮಟ್ಟಿಗೆ ಪುರಾತನವೂ ಅಲ್ಲ. ಎಷ್ಟು ಚೆಂದದ ಕಥೆ ನಿಮ್ಮ ಕೈಯಲ್ಲೇ ಇತ್ತು! ಆ ಹುಡುಗನ ಮಾವ, ಅವರ ದ್ವೀಪ, ಸ್ಯಾನ್ ಫ್ರಾನ್ಸಿಸ್ಕೋ, ಇದನ್ನೆಲ್ಲ ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಇಷ್ಟು ಕಷ್ಟಪಟ್ಟು ಕುಣಿದವನ ಊರಿನ ಹೆಸರು ಒಂದು ಸಲವಾದರೂ ವೇದಿಕೆಯ ಮೇಲೆ ಕೇಳಿಸಲಿಲ್ಲ. "ನಿಮ್ಮ ಹೆಸರನ್ನೂ ಊರನ್ನೂ ಹೇಳೋದಿಲ್ವಾ?" ಅಂತ ಕೇಳಿದರೆ ಅವನು ಭುಜ ಹಾರಿಸಿ ನಕ್ಕ.

ನಾನು ಹವಾಯಿಯವಳಲ್ಲ. ಆ ಸಂಸ್ಕೃತಿಯ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ, ಅದು ನನಗೆ ಗೊತ್ತು. ಮಗಳು ಅಕ್ಕಪಕ್ಕದ ಮಕ್ಕಳ ಜೊತೆ ಹುಲಾ ತರಗತಿಗೆ ಸೇರಿದಾಗ ನನಗೂ ಹವಾಯಿ ಅಂದರೆ ಹವಾಯಿ ಚಪ್ಪಲಿ, ಸಮುದ್ರದ ದಂಡೆ, ಇಷ್ಟೇ ಗೊತ್ತಿದ್ದದ್ದು. ಮೊದಲ ದಿನ ಅವಳನ್ನು ಬಿಡಲು ಹೋದಾಗ ಕಂಡದ್ದನ್ನು ನಿಮಗೆ ಹೇಳಲೇಬೇಕು.

ಬಾಡಿಗೆಗೆ ತೆಗೆದುಕೊಂಡ ಒಂದು ಸಮುದಾಯ ಭವನ. ಬಾಗಿಲು ಮುಚ್ಚಿದೆ. ಹೊರಗೆ ಹದಿನೈದು ಮಕ್ಕಳು ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದಾರೆ. ಎಲ್ಲರೂ ಒಟ್ಟಿಗೆ, ವಾದ್ಯ ಇಲ್ಲದೆ, ಗಂಟಲು ತುಂಬಿ ಒಂದು ಮಂತ್ರದಂಥದ್ದನ್ನು ಹೇಳಿದರು. ಅದಕ್ಕೆ ಓಲಿ ಅನ್ನುತ್ತಾರೆ. ಒಳಗೆ ಬರಲು ಅಪ್ಪಣೆ ಕೇಳುವ ಓಲಿ ಅದು. ಒಳಗಿನಿಂದ ಉತ್ತರ ಬರಲಿಲ್ಲ. ಮಕ್ಕಳು ಇನ್ನೊಮ್ಮೆ ಹೇಳಿದರು, ಇನ್ನೂ ಗಟ್ಟಿಯಾಗಿ. ಮೂರನೇ ಸಲಕ್ಕೆ ಗುರುಗಳ ದನಿ ಒಳಗಿನಿಂದ ಕೇಳಿಸಿತು, ಕರೆಯುವ ಓಲಿ. ಆಮೇಲೆ ಬಾಗಿಲು ತೆರೆಯಿತು. ಮನಸ್ಸು ಸಿದ್ಧವಾಗಿದೆಯೋ ಇಲ್ಲವೋ ದನಿಯಲ್ಲೇ ಗೊತ್ತಾಗುತ್ತದೆ, ಆಗದಿದ್ದರೆ ಕಾಯಲಿ ಅಂತ ಆಮೇಲೆ ಅವರು ನನಗೆ ಹೇಳಿದರು. ನನಗೆ ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಯ ಗಣಪತಿ ಪೂಜೆ ನೆನಪಾಯಿತು.

ಹುಲಾ ಶಾಲೆಗೆ ಹಾಲಾವ್ ಅಂತ ಹೆಸರು, ಗುರುವಿಗೆ ಕುಮು ಹುಲಾ. ಕುಮು ಅಂತ ಕರೆಸಿಕೊಳ್ಳಲು ವರ್ಷಗಟ್ಟಲೆ ಒಬ್ಬ ಗುರುವಿನ ಕೈಕೆಳಗೆ ಕಲಿತು, ಅವರು ಒಪ್ಪಿ ಕಳಿಸಿಕೊಡಬೇಕು. ಹಳೆಯ ಬಗೆಯ ಹುಲಾ ಕಾಹಿಕೋದಲ್ಲಿ ಗಿಟಾರ್ ಇರುವುದಿಲ್ಲ. ಎರಡು ಸೋರೆಬುರುಡೆ ಒಂದರ ಮೇಲೊಂದು ಕೂರಿಸಿದ ಇಪು ಹೆಕೆಯನ್ನು ನೆಲಕ್ಕೆ ಕುಟ್ಟಿದರೆ 'ಊ', ಕೈಯಿಂದ ತಟ್ಟಿದರೆ 'ತೇ'. ಮಗಳು ಬಸ್ಸಿನಲ್ಲೂ ತೊಡೆ ತಟ್ಟಿಕೊಂಡು ಊ ತೇತೇ, ಊ ತೇತೇ ಅನ್ನುತ್ತಿರುತ್ತಾಳೆ. ಮೊಣಕಾಲು ಬಗ್ಗಿಸಿ ನೆಲಕ್ಕೆ ಹತ್ತಿರ ನಿಲ್ಲಬೇಕು. ನಾನು ಚಿಕ್ಕವಳಿದ್ದಾಗ ಭರತನಾಟ್ಯದ ಅರಮಂಡಿಯಲ್ಲಿ ಅತ್ತವಳು, ನೋವು ಎಲ್ಲಿ ಬರುತ್ತದೆ ಅಂತ ನನಗೆ ಗೊತ್ತು. ಯುಕುಲೆಲೆ, ಗಿಟಾರ್ ಜೊತೆ ಆಡುವ ನಿಧಾನದ ಹುಲಾಗೆ ಔವಾನ ಅನ್ನುತ್ತಾರೆ. ಎರಡರಲ್ಲೂ ಮುಖ್ಯ ಮಾತು. ಕೈ ಹೇಳುವುದು ಹಾಡಿನ ಸಾಲನ್ನು: ಇಲ್ಲಿ ಮಳೆ, ಇಲ್ಲಿ ಈ ಬೆಟ್ಟ, ಇಲ್ಲಿ ಈ ಹೆಸರಿನ ಗಾಳಿ. ಸಾಲಿನ ಅರ್ಥ ಗೊತ್ತಿಲ್ಲದೆ ಕೈ ಆಡಿಸಲು ನಮ್ಮ ಕುಮು ಬಿಡುವುದೇ ಇಲ್ಲ.

ಈ ಕಲೆ ಸುಲಭವಾಗಿ ಉಳಿದು ಬಂದದ್ದಲ್ಲ. 1820ರಲ್ಲಿ ಮಿಷನರಿಗಳು ಹವಾಯಿಗೆ ಬಂದರು. ಕ್ರೈಸ್ತ ಧರ್ಮಕ್ಕೆ ಸೇರಿದ ರಾಣಿ ಕಾಅಹುಮಾನು 1830ರಲ್ಲಿ ಹುಲಾವನ್ನು ಸಾರ್ವಜನಿಕವಾಗಿ ಆಡಬಾರದು ಅಂದಳು. ಜನ ಕದ್ದುಮುಚ್ಚಿ ಕಲಿಸಿದರು, ಮನೆಯೊಳಗೆ ಉಳಿಸಿಕೊಂಡರು. 1883ರಲ್ಲಿ ದೊರೆ ಕಲಾಕವಾ ತನ್ನ ಪಟ್ಟಾಭಿಷೇಕದಲ್ಲಿ ಇಯೋಲಾನಿ ಅರಮನೆಯ ಅಂಗಳದಲ್ಲೇ ಹುಲಾ ಆಡಿಸಿದ. ಅದಾಗಿ ಹತ್ತೇ ವರ್ಷಕ್ಕೆ, 1893ರ ಜನವರಿಯಲ್ಲಿ, ಅವನ ತಂಗಿ ರಾಣಿ ಲಿಲಿಯುವೊಕಲಾನಿಯನ್ನು ಸಕ್ಕರೆ ವ್ಯಾಪಾರಿಗಳ ಬಳಗ ಅಮೆರಿಕದ ನೌಕಾ ಸೈನಿಕರ ಬೆಂಬಲದಲ್ಲಿ ಪಟ್ಟದಿಂದ ಇಳಿಸಿತು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮ ಮಾಡಿತು. ಹವಾಯಿ ಮಾತಾಡಿದ ಮಕ್ಕಳಿಗೆ ಶಾಲೆಯಲ್ಲಿ ಏಟು ಬಿತ್ತು. ಭಾಷೆ ಮನೆಯ ಮುದುಕರ ಬಾಯಲ್ಲಿ ಮಾತ್ರ ಉಳಿಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಎಪ್ಪತ್ತರ ದಶಕದ ಜನ. 1978ರಲ್ಲಿ ಹವಾಯಿ ಭಾಷೆ ರಾಜ್ಯಭಾಷೆಯಾಯಿತು. 1984ರಲ್ಲಿ ಪೂನಾನ ಲೆಯೋ ಅನ್ನುವ ಶಿಶುವಿಹಾರ ಶುರುವಾಯಿತು, ದನಿಯ ಗೂಡು ಅಂತ ಅದರ ಅರ್ಥ. ಹಿಲೋ ಊರಿನಲ್ಲಿ ಪ್ರತಿ ವರ್ಷ ಈಸ್ಟರ್ ಆದ ಮೇಲೆ ನಡೆಯುವ ಮೆರಿ ಮೊನಾರ್ಕ್ ಹಬ್ಬದಲ್ಲಿ 1971ರಿಂದ ಹುಲಾ ಸ್ಪರ್ಧೆ ಇದೆ. ಹಬ್ಬಕ್ಕೆ ಆ ಹೆಸರು ಬಂದದ್ದೂ ಕಲಾಕವಾನ ಅಡ್ಡಹೆಸರಿನಿಂದಲೇ. ನಮ್ಮ ಮನೆಯಲ್ಲಿ ಆ ಮೂರು ರಾತ್ರಿ ಟಿವಿ ಮಗಳದ್ದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಒಂದು ಕಾಲಕ್ಕೆ ಬಾಗಿಲು ಮುಚ್ಚಿ ಉಳಿಸಿಕೊಂಡದ್ದನ್ನು ನೀವು ಟಿಕೆಟ್ ಹಚ್ಚಿ ತೋರಿಸುತ್ತಿದ್ದೀರಿ. ತೋರಿಸಿ, ನನ್ನದೇನೂ ಅಡ್ಡಿಯಿಲ್ಲ. ಅವರನ್ನು ಬಿಟ್ಟು ತೋರಿಸಬೇಡಿ.

ಊಟದ ಬಗ್ಗೆಯೂ ಒಂದು ಮಾತು. ತಟ್ಟೆಯಲ್ಲಿ ಅನಾನಸ್ ಹೋಳು, ಅದರ ಪಕ್ಕ ಸಿಹಿ ಸಾಸ್ ಹಾಕಿದ ಅನ್ನ. ಹವಾಯಿಯ ಲುವಾವ್ ಊಟ ಅಂತ ಹೆಸರು. ಲುವಾವ್ ಅಂದರೆ ಏನು ಗೊತ್ತಾ? ಎಳೆಯ ಕೆಸುವಿನ ಎಲೆ. ಆ ಎಲೆಯ ಅಡುಗೆಯಿಂದಲೇ ಔತಣಕ್ಕೆ ಆ ಹೆಸರು ಬಂದದ್ದು. ನಿಮ್ಮ ತಟ್ಟೆಯಲ್ಲಿ ಕೆಸುವೇ ಇರಲಿಲ್ಲ. ಅನಾನಸ್ ಆ ದ್ವೀಪಗಳಿಗೆ ಹೊರಗಿನಿಂದ ಬಂದದ್ದು, ಜೋರಾದದ್ದು ತೋಟದ ಕಂಪನಿಗಳ ಕಾಲದಲ್ಲಿ. ಕೆಸು ಅಲ್ಲಿನವರಿಗೆ ಬರೀ ತರಕಾರಿಯಲ್ಲ, ಅಣ್ಣ. ಅವರ ಕಥೆಯಲ್ಲಿ ಆಕಾಶದ ತಂದೆ ವಾಕೆಯಾನ ಮೊದಲ ಮಗ ಸತ್ತು ಹುಟ್ಟಿದ, ಹೂತ ಜಾಗದಲ್ಲಿ ಕೆಸುವಿನ ಗಿಡ ಬಂತು. ಆಮೇಲೆ ಹುಟ್ಟಿದ ಎರಡನೇ ಮಗನಿಂದ ಮನುಷ್ಯರ ವಂಶ ಬೆಳೆಯಿತು. ಅಣ್ಣ ತಮ್ಮನನ್ನು ಸಾಕುತ್ತಾನೆ, ತಮ್ಮ ಅಣ್ಣನ ಗದ್ದೆ ನೋಡಿಕೊಳ್ಳಬೇಕು.

ಆಗಸ್ಟಿನಲ್ಲಿ ಮಗಳ ಹಾಲಾವ್‌ನ ವಾರ್ಷಿಕ ಪ್ರದರ್ಶನ ಇತ್ತು. ಅವತ್ತು ಒಬ್ಬ ಅಜ್ಜಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ ತಂದಿದ್ದರು. ಅಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡು ನಿಂತುಬಿಟ್ಟಳು. ಆಮೇಲೆ ಗಂಟಲ ಮೇಲೆ ಬೆರಳಿಟ್ಟು ಕೆರೆದಂತೆ ಮಾಡಿ, ತಲೆಯಲ್ಲೇ ಪ್ರಶ್ನೆ ಕೇಳಿದಳು. ಆ ಅಜ್ಜಿಗೆ ಕೂಡಲೇ ಅರ್ಥವಾಯಿತು. ಕೈಗಡಿಯಾರ ತೋರಿಸಿ ಎರಡು ಬೆರಳೆತ್ತಿದರು. ಎರಡು ಗಂಟೆ ಬೇಯಿಸಬೇಕು, ಇಲ್ಲದಿದ್ದರೆ ತುರಿಕೆ. ಅಮ್ಮ ಹುಣಿಸೆಹಣ್ಣಿನ ಬಗ್ಗೆ ಹೇಳಲು ಶುರು ಮಾಡಿದಳು, ನಾನು ಅನುವಾದಕ್ಕೆ ಕೂತೆ. ಮಳೆಗಾಲದ ಪತ್ರೊಡೆಯ ಕಥೆ ಅರ್ಧ ಗಂಟೆ ನಡೆಯಿತು. ಹೊರಡುವಾಗ ಆ ಅಜ್ಜಿ ತನ್ನ ಕೊರಳಲ್ಲಿದ್ದ ಹಾರ ತೆಗೆದು ಅಮ್ಮನಿಗೆ ಹಾಕಿದರು. ಅಮ್ಮ ಮೂಸಿ ನೋಡಿ, "ಅಯ್ಯೋ, ಇದು ನಮ್ಮ ದುಂಡು ಮಲ್ಲಿಗೆ ಕಣೇ!" ಅಂದಳು. ಹೌದು, ಹವಾಯಿಯಲ್ಲಿ ಅದಕ್ಕೆ ಪೀಕಾಕೆ ಅನ್ನುತ್ತಾರೆ, ನವಿಲು ಅಂತ. ರಾಜಕುಮಾರಿ ಕಾಯಿಉಲಾನಿಗೆ ನವಿಲೂ ಇಷ್ಟ, ಈ ಹೂವೂ ಇಷ್ಟ, ಹಾಗಾಗಿ ಆ ಹೆಸರು. ಉಡುಪಿಯ ಶಂಕರಪುರದಲ್ಲಿ ಬೆಳೆಯುವ ಮಲ್ಲಿಗೆಯ ಜಾತಿಯೇ ಅದು. ಅಮ್ಮ ಆ ಹಾರವನ್ನು ಕಸಕ್ಕೆ ಹಾಕಲಿಲ್ಲ, ಒಣಗಿದ ಮೇಲೆ ಗಿಡದ ಬುಡಕ್ಕೆ ಹಾಕಿದಳು. ಹವಾಯಿಯವರೂ ಹಾಗೇ ಮಾಡುತ್ತಾರಂತೆ, ಲೇಯ್ ಹಾರವನ್ನು ಬುಟ್ಟಿಗೆ ಎಸೆಯುವುದಿಲ್ಲ. ನಿಮ್ಮ ಪಾರ್ಕಿನ ಹೊರಬಾಗಿಲಿನ ಕಸದ ಡಬ್ಬಿ ಆ ರಾತ್ರಿ ಗುಲಾಬಿ ಪ್ಲಾಸ್ಟಿಕ್ಕಿನಿಂದ ತುಂಬಿ ಹೊರಗೆ ಚೆಲ್ಲಿತ್ತು.

ಅಪ್ಪನಿಗೆ ಮಾತ್ರ ಬೇರೆ ಬೇಸರ. ಅವರು ಸ್ಟೀಲ್ ಗಿಟಾರ್ ಕೇಳಬಹುದು ಅಂತ ಬಂದಿದ್ದರು. ರೇಡಿಯೋದಲ್ಲಿ ಸಿನಿಮಾ ಹಾಡುಗಳನ್ನು ಹವಾಯಿಯನ್ ಗಿಟಾರಿನಲ್ಲಿ ಕೇಳಿದ ತಲೆಮಾರು ಅವರದ್ದು. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಆ ರೀತಿಯನ್ನು ಕಂಡುಕೊಂಡದ್ದು ಓವಾಹು ದ್ವೀಪದ ಲಾಯಿಯೆ ಊರಿನ ಜೋಸೆಫ್ ಕೆಕುಕು ಅನ್ನುತ್ತಾರೆ. ಅದೇ ಲಾಯಿಯೆಯಲ್ಲಿ ಬೆಳೆದ ಟಾವ್ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ವರ್ಷಗಟ್ಟಲೆ ಇದ್ದು ನುಡಿಸಿದರು, ಕಲಿಸಿದರು. ಹಿಂದೂಸ್ತಾನಿ ಸಂಗೀತದವರು ಅದನ್ನು ತಮ್ಮದೇ ಮಾಡಿಕೊಂಡು ರಾಗ ನುಡಿಸಿದರು. ಒಂದು ಸಣ್ಣ ದ್ವೀಪದ ವಾದ್ಯ ಸಾಗರದ ಮನೆಯ ಜಗಲಿಗೆ ಬಂದು ಮುಟ್ಟಿತ್ತು. ನಿಮ್ಮ ವೇದಿಕೆಯಲ್ಲಿ ಒಬ್ಬ ವಾದ್ಯಗಾರನೂ ಇರಲಿಲ್ಲ.

ಆ ಹುಡುಗಿಯರ ಬಗ್ಗೆ ನನಗೆ ಏನೂ ದೂರಿಲ್ಲ. ಅವರಿಗೆ ಹೇಳಿಕೊಟ್ಟದ್ದನ್ನು ಅವರು ಮಾಡಿದರು. ದೂರು ಏನಿದ್ದರೂ ಹೇಳಿಕೊಟ್ಟವರ ಮೇಲೆ, ಯಾರನ್ನೂ ಕೇಳದೆ ತೀರ್ಮಾನ ಮಾಡಿದವರ ಮೇಲೆ. ನಮ್ಮಲ್ಲೂ ಈ ತಪ್ಪು ನಡೆಯುತ್ತದೆ. ಮದುವೆ ಛತ್ರದ ಬಾಗಿಲಲ್ಲಿ, ಹೋಟೆಲುಗಳ ಮುಂದೆ ಯಕ್ಷಗಾನದ ವೇಷ ಹಾಕಿಸಿ ಗೊಂಬೆಯ ಹಾಗೆ ನಿಲ್ಲಿಸುತ್ತಾರೆ. ಒಂದು ಪದ್ಯ ಇಲ್ಲ, ಮದ್ದಲೆ ಇಲ್ಲ, ಬಂದವರು ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗುತ್ತಾರೆ. ಅಪ್ಪ ಅಂಥ ಕಡೆ ತಲೆ ತಗ್ಗಿಸಿ ಒಳಗೆ ಹೋಗುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಹವಾಯಿಯವರ ಸಂಕಟ ನನಗೆ ದೂರದ್ದು ಅನ್ನಿಸಲಿಲ್ಲ.

ಥೀಮ್ ಪಾರ್ಕ್ ಅಂದಮೇಲೆ ಇಷ್ಟೇ, ಜಾಸ್ತಿ ನಿರೀಕ್ಷೆ ಮಾಡಬೇಡಿ ಅಂತ ನಿಮ್ಮ ಸಿಬ್ಬಂದಿಯೊಬ್ಬರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಲಾಯಿಯೆಯಲ್ಲಿ 1963ರಿಂದ ಪಾಲಿನೇಷಿಯನ್ ಕಲ್ಚರಲ್ ಸೆಂಟರ್ ಇದೆ. ಅದೂ ಟಿಕೆಟ್ ಕೊಂಡು ಹೋಗುವ ಜಾಗವೇ. ಅಲ್ಲಿ ಹವಾಯಿ, ಸಮೋವಾ, ತಾಹಿತಿ, ಟೋಂಗಾ, ಫಿಜಿ, ಮಾವೋರಿಗಳ ಆವೊತೆಅರೋವಾ (ನ್ಯೂಜಿಲೆಂಡ್) ಎಲ್ಲದಕ್ಕೂ ಬೇರೆಬೇರೆ ಹಳ್ಳಿ. ಸಮೋವಾದ ಬೆಂಕಿಕತ್ತಿಗೆ ಅಲ್ಲಿ 1993ರಿಂದ ವಿಶ್ವಸ್ಪರ್ಧೆಯೇ ನಡೆಯುತ್ತಿದೆ, ಸಮೋವಾದ ಹೆಸರಿನಲ್ಲೇ. ಡಿಸ್ನಿಯವರು 2011ರಲ್ಲಿ ಓವಾಹು ದ್ವೀಪದಲ್ಲಿ ಔಲಾನಿ ಅನ್ನುವ ರೆಸಾರ್ಟ್ ಕಟ್ಟಿದಾಗ ಹವಾಯಿಯ ತಿಳಿದವರನ್ನು ಜೊತೆಗೆ ಕೂರಿಸಿಕೊಂಡರು. ಅಲ್ಲಿ ಓಲೆಲೋ ರೂಮ್ ಅನ್ನುವ ಒಂದು ಕೋಣೆ ಇದೆ, ಕೆಲಸದವರು ಹವಾಯಿ ಭಾಷೆ ಆಡುತ್ತಾರೆ, ವಸ್ತುಗಳ ಮೇಲೆ ಅವುಗಳ ಹವಾಯಿ ಹೆಸರು ಬರೆದಿದೆ.

ಅದೆಲ್ಲ ಹವಾಯಿಯಲ್ಲೇ ಇರುವುದು, ನಮಗೆ ಹೇಗೆ ಸಾಧ್ಯ ಅಂತ ನೀವು ಕೇಳಬಹುದು. ಹಾಗಾದರೆ ಜಪಾನಿನ ಇವಾಕಿ ಊರನ್ನು ನೋಡಿ. ಜೋಬಾನ್ ಕಲ್ಲಿದ್ದಲು ಗಣಿ ಸೊರಗುತ್ತಾ ಬಂದಾಗ, ಗಣಿಯಲ್ಲಿ ಉಕ್ಕುತ್ತಿದ್ದ ಬಿಸಿನೀರನ್ನೇ ಬಳಸಿ 1966ರಲ್ಲಿ ಅವರು ಹವಾಯಿಯ ಹೆಸರಿನ ಪಾರ್ಕ್ ತೆರೆದರು. ಚಳಿಯ ಊರು, ಹವಾಯಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ತೆರೆಯುವ ಮೊದಲೇ, 1965ರಲ್ಲಿ, ನೃತ್ಯಶಾಲೆ ಶುರು ಮಾಡಿ ಗಣಿ ಕಾರ್ಮಿಕರ ಹೆಣ್ಣುಮಕ್ಕಳಿಗೆ ಹುಲಾ ಕಲಿಸಿದರು. ಆ ಶಾಲೆ ಇವತ್ತಿಗೂ ಇದೆ. 2011ರ ಭೂಕಂಪಕ್ಕೆ ಪಾರ್ಕ್ ಮುಚ್ಚಿದಾಗ ಆ ನರ್ತಕಿಯರು ನಿರಾಶ್ರಿತರ ಶಿಬಿರಗಳಿಗೆ ಹೋಗಿ ಕುಣಿದರು. ಪಾರ್ಕಿಗಾಗಿ ಕಲಿತ ಕುಣಿತ ಅಷ್ಟು ಹೊತ್ತಿಗೆ ಆ ಊರಿನ ಜನಕ್ಕೇ ಬೇಕಾದದ್ದಾಗಿತ್ತು. ಅವರು ಮೊದಲು ಕಲಿತು ಆಮೇಲೆ ಬಾಗಿಲು ತೆಗೆದರು, ವ್ಯತ್ಯಾಸ ಇರುವುದು ಅಲ್ಲಿ.

ನಿಮಗಂತೂ ಅಷ್ಟು ಕಷ್ಟವೂ ಇಲ್ಲ. 2020ರ ಜನಗಣತಿಯ ಪ್ರಕಾರ ಹವಾಯಿ ಮೂಲದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಹವಾಯಿಯಲ್ಲಿ ಅಲ್ಲ, ಇಲ್ಲಿ, ಅಮೆರಿಕದ ಉಳಿದ ರಾಜ್ಯಗಳಲ್ಲಿ. ಅಲ್ಲಿ ಮನೆ ಬಾಡಿಗೆ ಕಟ್ಟಲಾಗದೆ ಬಂದವರು ಎಷ್ಟೋ ಜನ. ಅವರಲ್ಲಿ ತುಂಬ ಜನ ಇರುವುದು ಕ್ಯಾಲಿಫೋರ್ನಿಯಾದಲ್ಲೇ. ನಿಮ್ಮ ಪಾರ್ಕಿನಿಂದ ನಲವತ್ತು ನಿಮಿಷದ ದಾರಿಯಲ್ಲಿ ನನಗೆ ಗೊತ್ತಿರುವ ಹಾಲಾವ್‌ಗಳೇ ಮೂರು.

ನಿಮ್ಮ ಕಟ್ಟಡದ ಕೆಲಸ ನಡೆಯುತ್ತಿರುವ ಬೇಲಿಯ ಮೇಲೆ 'ಅಸಲಿ ಹವಾಯಿ, ಮುಂದಿನ ಬೇಸಿಗೆಗೆ' ಅಂತ ದೊಡ್ಡದಾಗಿ ಬರೆದಿದ್ದೀರಿ. ಅಸಲಿ ಅನ್ನುವ ಮಾತು ಹಾಕಿದ್ದೀರಿ ಅಂತಲೇ ಕೇಳುತ್ತಿದ್ದೇನೆ. ಒಬ್ಬ ಕುಮು ಹುಲಾ ಅವರನ್ನು ಈಗಲೇ ಕೆಲಸಕ್ಕೆ ಕರೆಯಿರಿ. ಎಲ್ಲ ಮುಗಿದ ಮೇಲೆ ಆಶೀರ್ವಾದಕ್ಕೆ ಕರೆಯುವುದಲ್ಲ, ಯಾವುದು ವೇದಿಕೆಗೆ ಬರಬೇಕು, ಯಾವುದು ಬರಲೇಬಾರದು ಅನ್ನುವ ತೀರ್ಮಾನ ಅವರ ಕೈಯಲ್ಲಿರಲಿ. ಕೆಲವು ಓಲಿಗಳು ಮಾರಾಟಕ್ಕಲ್ಲ. ಬೇಡ ಅನ್ನುವ ಅಧಿಕಾರ ಅವರಿಗಿಲ್ಲದಿದ್ದರೆ ಕರೆದೂ ಪ್ರಯೋಜನವಿಲ್ಲ. ಅವರಿಗೂ ಅವರ ಶಿಷ್ಯರಿಗೂ ಬೇರೆ ದೊಡ್ಡ ಕಲಾವಿದರಿಗೆ ಕೊಡುವ ಸಂಬಳವನ್ನೇ ಕೊಡಿ. ಪ್ರಚಾರ ಸಿಗುತ್ತದಲ್ಲ ಅಂತ ಹೇಳಿ ಪುಕ್ಕಟೆ ಆಡಿಸಬೇಡಿ, ನಮ್ಮ ಮಕ್ಕಳನ್ನು ಹಾಗೆ ಕರೆದವರು ಈಗಾಗಲೇ ಇದ್ದಾರೆ.

ಪೆಲೆಯ ಆ ಬಲಿಯ ದೃಶ್ಯವನ್ನು ಮುಂದಿನ ವರ್ಷದವರೆಗೆ ಕಾಯದೆ ಈ ವಾರವೇ ತೆಗೆಯಿರಿ. ತೆಗೆಯಲು ಖರ್ಚೇನೂ ಇಲ್ಲ.

ತಾಹಿತಿ, ಸಮೋವಾದ ಕುಣಿತಗಳೂ ಇರಲಿ, ಅವುಗಳ ಹೆಸರಿನಲ್ಲೇ ಇರಲಿ. ವೇದಿಕೆಗೆ ಬಂದವರ ಹೆಸರು, ಊರು, ಗುರುವಿನ ಹೆಸರು ಹೇಳಿ. ಸ್ಪೀಕರಿನ ಬದಲು ಹಾಡುವವರು, ನುಡಿಸುವವರು ಕೂತಿರಲಿ. ಮೂರು ಹಾಡು ಕಡಿಮೆಯಾದರೂ ಪರವಾಗಿಲ್ಲ, ಪ್ರತಿ ಹಾಡಿನ ಮುಂಚೆ ಅದರ ಅರ್ಥವನ್ನು ಎರಡು ಸಾಲಿನಲ್ಲಿ ಹೇಳಲಿ. ಜನಕ್ಕೆ ಬೇಜಾರಾಗುತ್ತದೆ ಅಂದುಕೊಳ್ಳಬೇಡಿ. ಅರ್ಥ ಗೊತ್ತಾದರೆ ಕೈ ನೋಡುವ ರೀತಿಯೇ ಬದಲಾಗುತ್ತದೆ, ನನಗೆ ಆದದ್ದು ಹಾಗೆಯೇ. ಎಲ್ಲರಿಗೂ ನಿಜವಾದ ಹೂವಿನ ಹಾರ ಕೊಡಲು ಕಷ್ಟವಾದರೆ ಪ್ಲಾಸ್ಟಿಕ್ ಕೊಡುವುದನ್ನು ನಿಲ್ಲಿಸಿ, ಒಂದು ಮೂಲೆಯಲ್ಲಿ ಮಕ್ಕಳು ಕೂತು ಹೂವು ಪೋಣಿಸುವ ವ್ಯವಸ್ಥೆ ಮಾಡಿ. ಊಟದಲ್ಲಿ ಕೆಸು ಇರಲಿ. ಅದರ ಬಗ್ಗೆ ಅಮ್ಮನೂ ನಾನೂ ಜಾಸ್ತಿ ಹಟ ಮಾಡುತ್ತೇವೆ ಅಂತ ಬೇಕಾದರೂ ಬರೆದುಕೊಳ್ಳಿ.

ನಮ್ಮವರಲ್ಲೂ ಒಂದು ಕೇಳಿಕೆ. ಮುಂದಿನ ಬೇಸಿಗೆಯ ಗುಂಪು ಟಿಕೆಟ್ ತೆಗೆಯುವ ಮೊದಲು ಪಾರ್ಕಿನವರನ್ನು ಒಂದು ಪ್ರಶ್ನೆ ಕೇಳಿ: ನಿಮ್ಮ ಹುಲಾ ಕಲಿಸಿದ ಕುಮು ಯಾರು? ಹೆಸರು ಹೇಳಿದರೆ ಹೋಗೋಣ. ಅಪ್ಪ ಕೇಳಿದ ಪ್ರಶ್ನೆಯೇ ಇದು, ಯಾವೂರು ಅಂತ.

ಮಾನ್ಯರೇ, ನಮ್ಮ ಕುಮು ಅವರನ್ನು ಕೇಳಿಕೊಂಡೇ ಈ ಪತ್ರ ಬರೆದಿದ್ದೇನೆ. ನಿಮ್ಮ ಜೊತೆ ಕೂತು ಮಾತಾಡಲು ಅವರು ಒಪ್ಪಿದ್ದಾರೆ, ಆದರೆ ಮೊದಲು ನೀವೇ ಒಮ್ಮೆ ಬಂದು ನೋಡಬೇಕು ಅಂದಿದ್ದಾರೆ. ತರಗತಿ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ. ವಿಳಾಸ ಇಂಗ್ಲಿಷ್ ಪತ್ರದಲ್ಲಿದೆ. ಒಂಬತ್ತೂಮುಕ್ಕಾಲಿಗೆ ಬಂದರೆ ಮಕ್ಕಳು ಹೊರಗೆ ಸಾಲು ನಿಂತಿರುತ್ತಾರೆ, ಅವರ ಹಿಂದೆ ನಿಂತುಕೊಳ್ಳಿ. ಚಪ್ಪಲಿ ಹೊರಗೆ ಬಿಡಬೇಕು. ಒಳಗಿನಿಂದ ದನಿ ಬರುವವರೆಗೆ ಕಾಯಬೇಕು.

ಇಂತಿ ನಮಸ್ಕಾರಗಳೊಂದಿಗೆ,
ಹುಲಾ ಕಲಿಯುತ್ತಿರುವ ಹುಡುಗಿಯೊಬ್ಬಳ ತಾಯಿ